ಫುಲ್ ಟವರ್

ಫೋನಿನ ಮೂಲೆಯಲ್ಲಿ ನಾಲ್ಕೂ ಕಡ್ಡಿ ನೆಟ್ಟಗೆ ನಿಂತಿವೆ. ಕಾಲ್ ಮಾತ್ರ ಹೋಗುತ್ತಿಲ್ಲ. ದುಡ್ಡು ಕಳಿಸೋಣ ಅಂತ ಆ್ಯಪ್ ತೆರೆದರೆ 'ಏನೋ ತಪ್ಪಾಗಿದೆ' ಅನ್ನುತ್ತದೆ. ಏನು ತಪ್ಪಾಗಿದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ದೊಡ್ಡವರು ಮಕ್ಕಳಿಗೆ "ಏನಿಲ್ಲ, ನೀನು ಹೋಗಿ ಆಡ್ಕೋ" ಅಂತ ಸಾಗಹಾಕುವ ಹಾಗೆ ನನ್ನನ್ನೂ ಸಾಗಹಾಕುತ್ತದೆ, ಅಷ್ಟೇ.

ಆ ಕಡ್ಡಿಗಳನ್ನು ನಂಬುವುದೂ ಅಷ್ಟರಲ್ಲೇ ಇದೆ. ಐಫೋನಿನ ಲೆಕ್ಕ ತಪ್ಪಾಗಿತ್ತು, ಕೆಲವೊಮ್ಮೆ ಎರಡು ಕಡ್ಡಿ ಜಾಸ್ತಿಯೇ ತೋರಿಸುತ್ತಿತ್ತು ಅಂತ 2010ರಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ನಿಜವಾದ ಅಂಕಿ ಇರುವುದು ಸಿಗ್ನಲ್ಲಿನ ಬಲ ಅಳೆಯುವ ಡಿಬಿಎಂ ಅನ್ನುವ ಮಾನದಲ್ಲಿ. ಅದನ್ನು ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ಒಳಗಿನ ಅಬೌಟ್ ಫೋನ್ ಒಳಗಿನ ಸಿಮ್ ಸ್ಟೇಟಸ್ ಅನ್ನುವ ಬಿಲದಲ್ಲಿ ಬಚ್ಚಿಟ್ಟಿರುತ್ತಾರೆ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನಿಗೆ ಈ ಬಿಲ ತೋರಿಸಿದವನು ನನ್ನ ತಮ್ಮ. ಅವತ್ತಿಗೆ ಆ ಮನೆಯ ನೆಮ್ಮದಿ ಹೋಯಿತು. ದೊಡ್ಡಪ್ಪ ಫೋನ್ ಹಿಡಿದು ಮನೆಯೆಲ್ಲ ಅಳೆದರು. ಜಗಲಿ ಮೈನಸ್ 112. ಅಟ್ಟ ಮೈನಸ್ 101. ಕೊಟ್ಟಿಗೆ ಬಾಗಿಲಲ್ಲಿ ಮೈನಸ್ 94, ಅದೂ ಎಡಗೈಯಲ್ಲಿ ಹಿಡಿದರೆ. ಎಲ್ಲವನ್ನೂ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆದರು. ಮೈನಸ್ ಜಾಸ್ತಿಯಾದಷ್ಟೂ ಸಿಗ್ನಲ್ ಕಡಿಮೆ, ಹತ್ತು ಇಳಿದರೆ ಬಲ ಹತ್ತರಲ್ಲೊಂದು ಪಾಲು ಅಂತ ಅಡಿಕೆ ಸುಲಿಯಲು ಬಂದವರಿಗೆಲ್ಲ ಪಾಠ ಮಾಡಿದರು. ಪಾಪ, ಅವರಿಗೆ ಕೂಲಿಯ ಲೆಕ್ಕ ಸಿಕ್ಕಿದ್ದರೆ ಸಾಕಿತ್ತು. "ನಿಮ್ಮ ದೊಡ್ಡಪ್ಪ ಸೊನ್ನೆಯಿಂದ ಕೆಳಗೆ ಇಳಿದವರು ಇನ್ನೂ ಮೇಲೆ ಬಂದಿಲ್ಲ, ಊಟಕ್ಕೆ ಎಷ್ಟು ಸಲ ಕರೀಲಿ?" ಅಂತ ದೊಡ್ಡಮ್ಮನ ಗೊಣಗಾಟ. ಈಗಲೂ ಬೆಂಗಳೂರಿನಿಂದ ಮಗಳು ಫೋನ್ ಮಾಡಿದರೆ "ತಡಿ, ನೂರಹನ್ನೆರಡರಲ್ಲಿದ್ದೀನಿ" ಅನ್ನುತ್ತಾ ಕೊಟ್ಟಿಗೆಗೆ ಓಡುತ್ತಾರೆ. ಮೊದಲೂ ಅವರು ಕೊಟ್ಟಿಗೆ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದರು ಅನ್ನುವುದು ಬೇರೆ ಮಾತು.

ಹಾಗಾಗಿ ಎಲ್ಲವನ್ನೂ ಬಿಚ್ಚಿ ತೋರಿಸಿ ಅಂತ ಹೇಳುವ ಧೈರ್ಯ ನನಗಿಲ್ಲ. ನಮ್ಮ ವಾಷಿಂಗ್ ಮೆಷಿನ್ ಅಂತೂ ಬಾಯಿ ಮುಚ್ಚುವ ಜಾತಿಯದಲ್ಲ. ಕೆಟ್ಟಾಗಲೆಲ್ಲ ಒಂದು ಅಕ್ಷರ, ಒಂದು ಅಂಕಿ ಮಿನುಗಿಸುತ್ತದೆ. ಕನ್ನಡಕ ಹುಡುಕಿ, ಅದರ ಪುಸ್ತಕ ಹುಡುಕಿ, ಸಣ್ಣ ಅಕ್ಷರದಲ್ಲಿ ಅರ್ಥ ನೋಡಿದರೆ 'ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿ' ಅಂತಿರುತ್ತದೆ. ಇದೊಂದು ವಿವರವಾ? ಬರೆದವನ ಕೈಗೆ ಒದ್ದೆ ಬಟ್ಟೆ ಕೊಟ್ಟು ಹಿಂಡಿಸಬೇಕು.

"ಕಾರಣ ಗೊತ್ತಾದ್ರೆ ನೀವೇನು ರಿಪೇರಿ ಮಾಡ್ತೀರಾಪ್ಪಾ?" ಅಂತ ನನ್ನ ಮಗಳು ಕೇಳುತ್ತಾಳೆ.

ಮಾಡುವುದಿಲ್ಲ. ಆದರೆ ನೆಟ್‌ವರ್ಕಿನವರನ್ನು ಬೈಯಬೇಕಾ, ಬ್ಯಾಂಕಿನವರನ್ನು ಬೈಯಬೇಕಾ ಅಂತಾದರೂ ಗೊತ್ತಾಗಬೇಡ್ವಾ? ಸುಮ್ನೆ ಎಲ್ಲರನ್ನೂ ಬೈಯೋಕೆ ಈ ವಯಸ್ಸಿನಲ್ಲಿ ಶಕ್ತಿ ಎಲ್ಲಿದೆ?