ಸತ್ಯಾಂಶ: ಕೆಸರಲ್ಲಿ ಕದಲದೆ ಕೂತ ಹಕ್ಕಿಗೆ ಕಾಯಿಲೆಯೇ?

‘ಕೆರೆಯಂಚಲ್ಲಿ ಅಲುಗಾಡದೆ ಕೂತ ಉದ್ದ ಕೊಕ್ಕಿನ ಹಕ್ಕಿಗೆ ವಿಷನೀರು ತಗುಲಿದೆ, ಹಿಡಿದು ಮನೆಗೆ ತನ್ನಿ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ದಯವಿಟ್ಟು ಹಿಡಿಯಬೇಡಿ. ಅದು ಸ್ನೈಪ್, ಚಳಿಗಾಲ ಕಳೆಯಲು ಉತ್ತರದ ದೂರದ ಜೌಗುನಾಡುಗಳಿಂದ ಬೆಂಗಳೂರಿನ ಕೆರೆಗಳಿಗೆ ಬರುವ ನಾಚಿಕೆಯ ಅತಿಥಿ. ಕದಲದಿರುವುದೇ ಅದರ ರಕ್ಷಣೆ. ಬೆನ್ನಿನ ಕಂದುಗೆರೆಗಳು ಒಣಹುಲ್ಲಿನಲ್ಲಿ ಬೆರೆತುಹೋಗುತ್ತವೆ. ಹಿಂದಕ್ಕೆ ಸರಿದ ಕಣ್ಣುಗಳು ಬೆನ್ನ ಹಿಂದಿನದನ್ನೂ ಕಾಣುತ್ತವೆ. ಹತ್ತಿರ ಹೋದರೆ ಕರ್ಕಶವಾಗಿ ಕೂಗಿ, ಅಂಕುಡೊಂಕಾಗಿ ಹಾರಿಬಿಡುತ್ತದೆ.

ಅದರ ಕೊಕ್ಕೋ, ನಿಜಕ್ಕೂ ವಿಸ್ಮಯ! ಸುಮಾರು 7 ಸೆಂ.ಮೀ. ಉದ್ದ, ತುದಿಯಲ್ಲಿ ಸ್ಪರ್ಶ ಅರಿಯುವ ನರಗಳು. ಕೆಸರಿನೊಳಗೇ ತುದಿಯನ್ನಷ್ಟೇ ತೆರೆದು ಹುಳ ಹಿಡಿಯಬಲ್ಲದು.

ಕೊಳಕು ನೀರಿನಿಂದ ಹಕ್ಕಿಗಳು ಸಾಯುವುದು ಸುಳ್ಳಲ್ಲ. ರೆಕ್ಕೆ ಜೋತುಬಿದ್ದು, ಹತ್ತಿರ ಹೋದರೂ ಹಾರಲಾಗದಿದ್ದರೆ ವನ್ಯಜೀವಿ ರಕ್ಷಕರಿಗೆ ಕರೆ ಮಾಡಿ. ಇಲ್ಲವಾದರೆ, ಜೊತೆಯಲ್ಲಿ ನಾಯಿಯಿದ್ದರೆ ಅದನ್ನು ಹಗ್ಗದಲ್ಲಿ ಹಿಡಿದು, ದೂರದಿಂದಲೇ ನೋಡಿ.