ಸ್ಪಷ್ಟನೆ: ಫೆಡೆಕ್ಸ್ ಮೊದಲ ಕೊರಿಯರ್ ಸಂಸ್ಥೆಯಲ್ಲ

‘ಕೊರಿಯರ್ ಉದ್ಯಮವನ್ನು ಹುಟ್ಟುಹಾಕಿದ್ದೇ ಫೆಡೆಕ್ಸ್, ಉಳಿದವರೆಲ್ಲ ಅದನ್ನು ನೋಡಿ ಕಲಿತವರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಹಳಬರ ದುಡಿಮೆಯನ್ನೇ ಅಳಿಸಿಹಾಕುವ ಮಾತು. ಅಮೆರಿಕದ ಇನ್ನೊಂದು ಕೊರಿಯರ್ ಸಂಸ್ಥೆ ಯುಪಿಎಸ್ ಸಿಯಾಟಲ್‌ನಲ್ಲಿ ಆರಂಭವಾದದ್ದು 1907ರಲ್ಲಿ. ಮತ್ತೊಂದು ಕೊರಿಯರ್ ಸಂಸ್ಥೆ ಡಿಎಚ್‌ಎಲ್ 1969ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ಹಡಗಿನ ಸರಕುಪತ್ರಗಳನ್ನು ವಿಮಾನದಲ್ಲಿ ಒಯ್ಯತೊಡಗಿತ್ತು. ಹಡಗು ದಡ ಸೇರುವ ಮೊದಲೇ ಕಾಗದಪತ್ರ ಸುಂಕದವರ ಕೈಯಲ್ಲಿರುತ್ತಿತ್ತು.

ಹಾಗೆಂದು ಫೆಡೆಕ್ಸ್‌ನ ಹಿರಿಮೆಯನ್ನು ಕಡೆಗಣಿಸಬೇಕಿಲ್ಲ. 1973ರ ಏಪ್ರಿಲ್ 17ರ ರಾತ್ರಿ ಮೆಂಫಿಸ್ ಕೇಂದ್ರದಿಂದ ಅದು 14 ವಿಮಾನಗಳಲ್ಲಿ 186 ಪೊಟ್ಟಣಗಳನ್ನು 25 ನಗರಗಳಿಗೆ ಕಳುಹಿಸಿತು. ಎಲ್ಲವನ್ನೂ ಒಂದೇ ಕಡೆಗೆ ತಂದು, ರಾತ್ರೋರಾತ್ರಿ ವಿಂಗಡಿಸಿ ರವಾನಿಸುವ ಆ ಕ್ರಮವೇ ಅದರ ನಿಜವಾದ ಕೊಡುಗೆ. 1977ರಲ್ಲಿ ಅಮೆರಿಕ ವಿಮಾನ ಸರಕು ಸಾಗಣೆಯ ನಿರ್ಬಂಧ ಸಡಿಲಿಸಿದ ಮೇಲೆ ಫೆಡೆಕ್ಸ್ ಬಳಿಗೆ ದೊಡ್ಡ ವಿಮಾನಗಳು ಬಂದವು. 1982ರಲ್ಲಿ ಯುಪಿಎಸ್ ಕೂಡ ಮರುದಿನವೇ ತಲುಪಿಸುವ ವಿಮಾನ ಸೇವೆಗೆ ಇಳಿಯಿತು.