ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲವೇ?

ಗಗನಯಾತ್ರಿಗಳು ತೇಲುವ ವಿಡಿಯೊ ಜೊತೆ ಒಂದು ಮಾತು ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ: ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ, ಭಾರವಿಲ್ಲದ ಮೈಗೆ ಪೂರ್ತಿ ಆರಾಮ. ನೋಡಿದರೆ ಹಾಗೇ ಅನಿಸುತ್ತದೆ, ಅಲ್ವಾ? ಆದರೆ ಎರಡೂ ತಪ್ಪು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿನ ಸೆಳೆತ ಎಷ್ಟೆಂದು ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲೇ ನೋಡಬಹುದು. ಭೂಮಿಯ ತ್ರಿಜ್ಯ 6,371 ಕಿ.ಮೀ. ಅದಕ್ಕೆ 400 ಸೇರಿಸಿದರೆ 6,771. 6,371 ಅನ್ನು 6,771ರಿಂದ ಭಾಗಿಸಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿ. 0.885 ಬರುತ್ತದೆ. ಅಂದರೆ ನೆಲದ ಮೇಲಿನ ಸೆಳೆತದ ಶೇ 88ಕ್ಕಿಂತ ಜಾಸ್ತಿ ಅಲ್ಲೂ ಇದೆ!

ಮತ್ತೆ ತೇಲುವುದೇಕೆ? ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಭೂಮಿಯತ್ತ ಬೀಳುತ್ತಲೇ ಇದ್ದಾರೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗ ಇರುವುದರಿಂದ ನೆಲ ಮುಟ್ಟದೆ ಸುತ್ತು ಹಾಕುತ್ತಾರೆ. ಕಾಲಡಿಯ ನೆಲವೂ ಜೊತೆಗೇ ಬೀಳುವಾಗ ಭಾರ ತಿಳಿಯುವುದಿಲ್ಲ.

ಆರಾಮದ ಮಾತಂತೂ ಅವರ ಕಷ್ಟವನ್ನೇ ಮುಚ್ಚಿಬಿಡುತ್ತದೆ. ಭಾರ ಹೊರದ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇ 1ರಷ್ಟು ಸವೆಯಬಹುದು. ಸ್ನಾಯು ಸೊರಗುತ್ತದೆ. ಅದಕ್ಕೇ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ. ಟ್ರೆಡ್‌ಮಿಲ್ ಮೇಲೆ ನಿಲ್ಲಬೇಕಾದರೂ ಭುಜ, ಸೊಂಟಕ್ಕೆ ಪಟ್ಟಿ ಬಿಗಿದು ಮೈಯನ್ನು ಕೆಳಕ್ಕೆ ಎಳೆಯಬೇಕು.

ನೌಕೆಯನ್ನೇ ತಿರುಗಿಸಿ ಭಾರ ಹುಟ್ಟಿಸಬಹುದು. ಅದೇ ಕೃತಕ ಗುರುತ್ವ. ಸುಮ್ನೆ ಸ್ವಿಚ್ ಒತ್ತಿದರೆ ಬರುವಂಥದ್ದಲ್ಲ. ನಿಮಿಷಕ್ಕೆ ಎರಡೇ ಸುತ್ತು ತಿರುಗಿ ಭೂಮಿಯಷ್ಟೇ ಭಾರ ಬರಬೇಕಾದರೆ ಸುಮಾರು 224 ಮೀಟರ್ ತ್ರಿಜ್ಯ ಬೇಕು. ಚಿಕ್ಕದಾದರೆ ಇನ್ನೂ ಜೋರಾಗಿ ತಿರುಗಬೇಕು, ಆಗ ತಲೆ ಸುತ್ತುತ್ತದೆ. 1966ರಲ್ಲಿ ಜೆಮಿನಿ 11 ನೌಕೆಯನ್ನು ಇನ್ನೊಂದು ನೌಕೆಗೆ ಹಗ್ಗದಿಂದ ಕಟ್ಟಿ ತಿರುಗಿಸಿದಾಗ ಹುಟ್ಟಿದ್ದು ತೀರಾ ಸಣ್ಣ ಸೆಳೆತ.